ಮೊಡವೆ ತಗ್ಗಿಗೆ ಲೇಸರ್: ಮೊದಲು ಆ ಟ್ಯೂಬಿನ ಮಾತು

ಪ್ರಶ್ನೆ: ಸರ್, ನಮ್ಮದು ಸೇಡಂ. ಕಲಬುರಗಿಯಾಗ ಒಂದು ಪ್ರೈವೇಟ್ ಸಾಲ್ಯಾಗ ಟೀಚರ್ ಇದ್ದೀನಿ, ದಿನಾ ಸ್ಕೂಟಿ ಮ್ಯಾಲ ಓಡಾಟ. ವಯಸ್ಸು 26. ಬಣ್ಣ ಗೋದಿಗಿಂತ ಸ್ವಲ್ಪ ಕಪ್ಪು. ಹತ್ತನೇ ಕ್ಲಾಸಿನಿಂದ ಮೊಡವಿ ಇದ್ದವು. ಈಗ ಕಡಿಮಿ ಆಗ್ಯಾವ, ಆದ್ರ ಎರಡೂ ಗಲ್ಲದ ಮ್ಯಾಲ ತಗ್ಗು ಬಿದ್ದಾವ, ಕಪ್ಪು ಕಲಿನೂ ಉಳದಾವ. ಮೊಡವಿಗೆ ಡಾಕ್ಟರ್ ಕೊಟ್ಟಿದ್ದ ಐಸೋಟ್ರೆಟಿನಾಯಿನ್ 20 ಎಂಜಿ ಗುಳಿಗಿ ಐದು ತಿಂಗಳು ತಗೊಂಡು ಎರಡು ತಿಂಗಳ ಹಿಂದ ಬಿಟ್ಟೀನಿ. ಮೆಡಿಕಲ್‌ದವ್ರು ಕೊಟ್ಟ ಒಂದು ಕ್ರೀಮ್ ಮಾತ್ರ ವರ್ಷದ ಮ್ಯಾಲಾತು, ದಿನಾ ರಾತ್ರಿ ಹಚ್ಚತೀನಿ. ಎರಡು ದಿನ ಬಿಟ್ರ ಮಾರಿ ಕೆಂಪಗಾಗಿ ಉರೀತದ. ಬಸವ ಜಯಂತಿ ಆಜೂಬಾಜು ನನ್ನ ಲಗ್ನ ಅದ, ಬರೋಬರಿ ಹತ್ತು ವಾರ ಉಳದದ. ಒಂದು ಕ್ಲಿನಿಕ್‌ನ್ಯಾಗ ಫ್ರ್ಯಾಕ್ಷನಲ್ ಸಿಒಟು ಲೇಸರ್ ಆರು ಸಿಟ್ಟಿಂಗ್ ಪ್ಯಾಕೇಜ್ ಹೇಳ್ಯಾರ. ಇವತ್ತೇ ರೊಕ್ಕ ಕಟ್ಟಿದ್ರ ರಿಯಾಯ್ತಿ, ಲಗ್ನದೊಳಗ ಮಾರಿ ಗಾಜಿನಂಗ ಆಗ್ತದ ಅಂದ್ರು. ಆದ್ರ ನಮ್ಮ ಅಕ್ಕನ ಗೆಳತಿ ಲೇಸರ್ ಮಾಡಿಸಿದ ಮ್ಯಾಲ ಮೊದಲಿಗಿಂತ ಕಪ್ಪಾಗಿದ್ಲು. ಮನ್ಯಾಗ ಕ್ಯಾನ್ಸರ್ ಬರ್ತದ, ಚರ್ಮ ತೆಳ್ಳಗಾಗ್ತದ ಅಂತ ಹೆದರಸ್ತಾರ. ಮಾಡಿಸ್ಲೋ ಬ್ಯಾಡೋ?

ಉತ್ತರ: ನೀವು ಕೇಳಿರುವುದು ಲೇಸರ್ ಬಗ್ಗೆ. ಆದರೆ ಚರ್ಮವೈದ್ಯರು ಈ ಪತ್ರ ಓದಿದರೆ ಮೊದಲು ನಿಲ್ಲುವುದು "ಎರಡು ದಿನ ಬಿಟ್ರ ಕೆಂಪಗಾಗಿ ಉರೀತದ" ಎಂಬ ಸಾಲಿನ ಹತ್ತಿರ. ಲೇಸರ್ ಪ್ರಶ್ನೆಗೆ ಉತ್ತರ ಚಿಕ್ಕದು. ಲಗ್ನದ ಮುಂಚೆ ಬೇಡ, ಆಮೇಲೆ ಸರಿಯಾದ ಕೈಯಲ್ಲಿ ಮಾಡಿಸಬಹುದು, ಹೆದರುವಂಥದ್ದೇನಿಲ್ಲ. ಆ ಕ್ರೀಮಿನ ವಿಷಯ ಮಾತ್ರ ಈ ವಾರವೇ ಬಗೆಹರಿಯಬೇಕು.

ಟ್ಯೂಬನ್ನು ಕೈಗೆ ತೆಗೆದುಕೊಂಡು ಹಿಂಬದಿಯ ಸಣ್ಣ ಅಕ್ಷರ ಓದಿ. ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್, ಫ್ಲೂಸಿನೋಲೋನ್, ಇವುಗಳಲ್ಲಿ ಯಾವುದೇ ಹೆಸರಿದ್ದರೂ ಅದು ಸ್ಟೆರಾಯ್ಡ್. ನಮ್ಮ ಕಡೆ "ಮಾರಿ ಬೆಳ್ಳಗಾಗೋ ಕ್ರೀಮ್" ಎಂದು ಕೊಡುವುದರಲ್ಲಿ ಬಹಳಷ್ಟು ಸಲ ಮೂರು ಔಷಧ ಒಟ್ಟಿಗೆ ಇರುತ್ತವೆ: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಜೊತೆಗೊಂದು ಸ್ಟೆರಾಯ್ಡ್. ಬಂಗಿನ ಕಲೆಗೆ ವೈದ್ಯರು ಕೆಲವು ವಾರ ಮಾತ್ರ ಬರೆದುಕೊಡುವ ಮಿಶ್ರಣ ಅದು. ವರ್ಷಗಟ್ಟಲೆ ಹಚ್ಚಿಕೊಳ್ಳುವ ಸಾಮಾನಲ್ಲ. ಇಂಥ ಸ್ಟೆರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರುವಂತಿಲ್ಲ ಎಂದು 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಬಿಗಿ ಮಾಡಿತು. ಅಂಗಡಿಯ ಕೌಂಟರಿನಲ್ಲಿ ಆ ನಿಯಮ ಎಷ್ಟು ನಡೆಯುತ್ತದೆ ಎಂಬುದಕ್ಕೆ ನಿಮ್ಮ ಪತ್ರವೇ ಸಾಕ್ಷಿ.

ಮೊದಮೊದಲು ಮುಖ ತಿಳಿಯಾಗುತ್ತದೆ, ಮೊಡವೆ ಒಣಗಿದ ಹಾಗೆ ಕಾಣುತ್ತದೆ. ಸ್ಟೆರಾಯ್ಡ್ ರಕ್ತನಾಳಗಳನ್ನು ಬಿಗಿ ಹಿಡಿದು ಊತ ಅಡಗಿಸಿಟ್ಟಿರುತ್ತದೆ, ಅಷ್ಟೇ. ತಿಂಗಳುಗಳು ಕಳೆದಂತೆ ಚರ್ಮದ ಮೇಲ್ಪದರ ತೆಳ್ಳಗಾಗಿ, ಎಳೆ ಎಳೆಯಾಗಿ ಕೆಂಪು ನಾಳ ಕಾಣತೊಡಗಿ, ಕೂದಲು ಹೆಚ್ಚಿ, ಸಣ್ಣ ಗುಳ್ಳೆ ಏಳುತ್ತವೆ. ಕ್ರೀಮ್ ನಿಂತರೆ, ಬಿಗಿ ಹಿಡಿದಿದ್ದ ನಾಳಗಳೆಲ್ಲ ಒಮ್ಮೆಗೇ ಹಿಗ್ಗುತ್ತವೆ. ಅದೇ ನಿಮ್ಮ ಉರಿ. ಉರಿ ತಾಳದೆ ಮತ್ತೆ ಹಚ್ಚುತ್ತೀರಿ, ತಣ್ಣಗಾಗುತ್ತದೆ, ಟ್ಯೂಬ್ ಮುಂದುವರಿಯುತ್ತದೆ. ಚರ್ಮವೈದ್ಯರು ಇದನ್ನು ಸ್ಟೆರಾಯ್ಡ್‌ನಿಂದ ಕೆಟ್ಟ ಮುಖ ಎಂದೇ ಕರೆಯುತ್ತಾರೆ. ಮನೆಯವರು ಲೇಸರ್‌ನಿಂದ ಚರ್ಮ ತೆಳ್ಳಗಾದೀತು ಎಂದು ಅಂಜುತ್ತಾರಲ್ಲ, ಆ ಕೆಲಸವನ್ನು ಈ ಟ್ಯೂಬ್ ಆಗಲೇ ಮಾಡುತ್ತಿದೆ. ಲೇಸರ್ ಮಾಡುವುದು ಇದರ ಉಲ್ಟಾ, ಒಳಪದರದಲ್ಲಿ ಹೊಸ ಕೊಲಾಜೆನ್, ಅಂದರೆ ಚರ್ಮಕ್ಕೆ ಗಟ್ಟಿತನ ಕೊಡುವ ನಾರು, ಕಟ್ಟಿಸುತ್ತದೆ.

ಇಂಥ ಮುಖದ ಮೇಲೆ ಲೇಸರ್ ಬಿಟ್ಟರೆ ಗಾಯ ಮಾಯಲು ತಡ, ಸೋಂಕಿಗೆ ದಾರಿ, ಕಪ್ಪಾಗುವ ಸಂಭವವೂ ಹೆಚ್ಚು. ಇನ್ನೊಂದು ಮಾತು. ಸ್ಟೆರಾಯ್ಡ್ ಹಚ್ಚಿದ ಮುಖದಲ್ಲಿ ಹುಳುಕಡ್ಡಿ ತನ್ನ ದುಂಡು ಅಂಚು ಕಳೆದುಕೊಂಡು ಮೊಡವೆಯ ಹಾಗೆಯೋ ಅಲರ್ಜಿಯ ಹಾಗೆಯೋ ಕಾಣುತ್ತದೆ. ಅನುಮಾನ ಬಂದರೆ ಚರ್ಮದ ಹೊಟ್ಟು ಕೆರೆದು ಸೂಕ್ಷ್ಮದರ್ಶಕದಡಿ ನೋಡಬೇಕು. ನೋಡದೆ ಲೇಸರ್ ಮಾಡಿದರೆ ಸೋಂಕು ಇಡೀ ಮುಖಕ್ಕೆ ಹರಡಬಹುದು.

ಹಾಗಂತ ಇವತ್ತು ರಾತ್ರಿಯೇ ಟ್ಯೂಬ್ ಎಸೆಯಬೇಡಿ. ಒಮ್ಮೆಗೇ ನಿಲ್ಲಿಸಿದರೆ ಮೂರ್ನಾಲ್ಕು ದಿನದಿಂದ ಎರಡು ವಾರದೊಳಗೆ ಉರಿ, ಕೆಂಪು, ಗುಳ್ಳೆ ಜೋರಾಗಿ ಏಳುತ್ತವೆ. ವೈದ್ಯರು ಸಾಮಾನ್ಯವಾಗಿ ಕಡಿಮೆ ಶಕ್ತಿಯ ಸ್ಟೆರಾಯ್ಡ್‌ಗೆ ಇಳಿಸಿ, ದಿನ ಬಿಟ್ಟು ದಿನ, ಆಮೇಲೆ ವಾರಕ್ಕೆರಡು ಎಂದು ಬಿಡಿಸುತ್ತಾರೆ. ಜೊತೆಗೆ ಸ್ಟೆರಾಯ್ಡ್ ಅಲ್ಲದ ಟ್ಯಾಕ್ರೋಲಿಮಸ್ ಮುಲಾಮು, ಗುಳ್ಳೆ ಹೆಚ್ಚಿದ್ದರೆ ಡಾಕ್ಸಿಸೈಕ್ಲಿನ್ ಗುಳಿಗೆ, ಸುವಾಸನೆ ಇಲ್ಲದ ಮಾಯಿಶ್ಚರೈಸರ್. ವರ್ಷದ ಮೇಲೆ ಹಚ್ಚಿದ ಮುಖ ಪೂರ್ತಿ ತಣ್ಣಗಾಗಲು ತಿಂಗಳುಗಳು ಬೇಕು. ಹತ್ತು ವಾರದಲ್ಲಿ ಅರ್ಧ ದಾರಿ ಸಾಗಬಹುದು. "ಲಗ್ನ ಆದ ಮ್ಯಾಲೇ ಬಿಡ್ತೀನಿ" ಎಂಬ ಆಸೆ ಹುಟ್ಟುವುದು ಸಹಜ. ಆದರೆ ಆಗ ಹೊಸ ಮನೆಗೆ ಕಾಲಿಟ್ಟ ಎರಡನೇ ವಾರಕ್ಕೆ ಮುಖ ಉರಿದೆದ್ದಿರುತ್ತದೆ. ಈಗಲೇ ನಿಧಾನವಾಗಿ ಇಳಿಸುವುದು ವಾಸಿ.

ಇನ್ನು ತಗ್ಗು ಮತ್ತು ಕಲೆ. ಇವೆರಡನ್ನೂ ಒಂದೇ ಎಂದುಕೊಂಡು ಜನ ರೊಕ್ಕ ಕಳೆದುಕೊಳ್ಳುವುದೇ ಹೆಚ್ಚು. ಬೆಳಿಗ್ಗೆ ಕಿಟಕಿಯ ಪಕ್ಕದಲ್ಲಿ, ಬೆಳಕು ಮುಖದ ಒಂದೇ ಬದಿಗೆ ಬೀಳುವ ಹಾಗೆ ಕನ್ನಡಿ ಹಿಡಿದು ನಿಲ್ಲಿ. ಟ್ಯೂಬ್‌ಲೈಟಿನ ಕೆಳಗೆ ಇದು ಕಾಣುವುದಿಲ್ಲ. ಬಣ್ಣ ಮಾತ್ರ ಬೇರೆಯಾಗಿದ್ದು ಬೆರಳಿಗೆ ಸಮತಟ್ಟಾಗಿ ಹತ್ತಿದರೆ ಅದು ಕಲೆ, ಉರಿಯೂತ ಬಿಟ್ಟುಹೋದ ಬಣ್ಣ. ಬಿಸಿಲು ತಪ್ಪಿಸಿ, ಅಜೆಲೇಯಿಕ್ ಆಸಿಡ್‌ನಂಥ ಮುಲಾಮು ಹಚ್ಚಿದರೆ ಕೆಲವು ತಿಂಗಳಲ್ಲಿ ತಾನೇ ತಿಳಿಯಾಗುತ್ತದೆ. ಇದಕ್ಕೆ ಸಿಒಟು ಲೇಸರ್ ಬೇಡವೇ ಬೇಡ. ನೆರಳು ಬಿದ್ದು ಆಳ ಕಂಡರೆ ಅದು ತಗ್ಗು. ಅದರಲ್ಲಿ ಮೂರು ಜಾತಿ. ಸೂಜಿ ಚುಚ್ಚಿದಂತೆ ಬಾಯಿ ಕಿರಿದು, ಆಳ ಜಾಸ್ತಿ, ಅಗಲ 2 ಮಿಲಿಮೀಟರಿಗೂ ಕಡಿಮೆ, ಇದು ಒಂದು. ಸಿಡುಬಿನ ಕಲೆಯಂತೆ ಅಂಚು ನೆಟ್ಟಗೆ ಕಡಿದ, ತಳ ಚಪ್ಪಟೆಯಾದದ್ದು ಎರಡನೆಯದು. ಮೂರನೆಯದು ಅಗಲವಾಗಿ ಅಲೆ ಅಲೆಯಾಗಿ ಇಳಿದದ್ದು. ಎರಡು ಬೆರಳಿನಿಂದ ಗಲ್ಲ ಎಳೆದು ಹಿಡಿದಾಗ ಮಾಯವಾದರೆ ಅದೇ ಮೂರನೆಯದು. ಅಲ್ಲಿ ಚರ್ಮದ ಅಡಿಗೆ ನಾರಿನ ಎಳೆಗಳು ಹಾಸಿಗೆಗೆ ಗುಂಡಿ ಹೊಲಿದ ಹಾಗೆ ಕೆಳಕ್ಕೆ ಜಗ್ಗಿರುತ್ತವೆ. ಮೇಲಿನಿಂದ ಎಷ್ಟು ಲೇಸರ್ ಬಿಟ್ಟರೂ ಆ ದಾರ ಕಡಿಯದೆ ತಗ್ಗು ಏಳುವುದಿಲ್ಲ.

ಹೆಚ್ಚಿನವರ ಗಲ್ಲದಲ್ಲಿ ಮೂರೂ ಕೂಡಿಯೇ ಇರುತ್ತವೆ. ಎಲ್ಲರಿಗೂ ಒಂದೇ ಆರು ಸಿಟ್ಟಿಂಗ್ ಪ್ಯಾಕೇಜ್ ಎಂದರೆ ಅವರು ಮುಖ ನೋಡಿಲ್ಲ, ರೇಟ್ ಕಾರ್ಡ್ ನೋಡಿದ್ದಾರೆ.

ಸಿಒಟು ಲೇಸರ್ ಅಂದರೆ ಇಂಗಾಲದ ಡೈಆಕ್ಸೈಡ್ ಅನಿಲದಿಂದ ಹೊರಡುವ ಕಣ್ಣಿಗೆ ಕಾಣದ ಅವಗೆಂಪು ಕಿರಣ, ತರಂಗಾಂತರ 10,600 ನ್ಯಾನೋಮೀಟರ್. 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಇದನ್ನು ರೂಪಿಸಿದ ಸಿ. ಕುಮಾರ್ ಎನ್. ಪಟೇಲ್ ಹುಟ್ಟಿದ್ದು ಇಲ್ಲೇ ಪಕ್ಕದ ಮಹಾರಾಷ್ಟ್ರದ ಬಾರಾಮತಿಯಲ್ಲಿ. ಈ ಕಿರಣವನ್ನು ಹೀರುವುದು ನೀರು. ಚರ್ಮದೊಳಗಿನ ನೀರು ಕ್ಷಣದಲ್ಲಿ ಆವಿಯಾಗಿ ಆ ಜಾಗ ಸುಟ್ಟುಹೋಗುತ್ತದೆ. ಹಳೇ ಯಂತ್ರಗಳು ಮುಖದ ಮೇಲ್ಪದರವನ್ನೇ ಪೂರ್ತಿ ಸುಲಿಯುತ್ತಿದ್ದವು, ನಮ್ಮ ಬಣ್ಣದವರಿಗೆ ಅದು ಭಾರಿ ದುಬಾರಿ ಬೀಳುತ್ತಿತ್ತು. 2004ರಲ್ಲಿ ಬಂದ ಫ್ರ್ಯಾಕ್ಷನಲ್ ಉಪಾಯದಲ್ಲಿ ಕಿರಣ ಕೂದಲೆಳೆ ದಪ್ಪದ ನೂರಾರು ರಂಧ್ರ ಮಾತ್ರ ಕೊರೆಯುತ್ತದೆ. ನಡುನಡುವೆ ಮುಟ್ಟದೆ ಬಿಟ್ಟ ಚರ್ಮದಿಂದ ಹೊಸ ಜೀವಕೋಶ ಸರಿದು ಬಂದು ಕೆಲವೇ ದಿನದಲ್ಲಿ ರಂಧ್ರ ಮುಚ್ಚುತ್ತದೆ. ಒಳಗೆ ಕೊಲಾಜೆನ್ ಕೂಡಿಕೊಳ್ಳುವ ಕೆಲಸ ಮೂರರಿಂದ ಆರು ತಿಂಗಳು ನಡೆಯುತ್ತದೆ. "ಲಗ್ನದೊಳಗ ಗಾಜಿನಂಗ" ಎಂಬ ಮಾತು ಸುಳ್ಳಾಗುವುದು ಇಲ್ಲೇ. ನಾಲ್ಕು ಸಿಟ್ಟಿಂಗ್ ಚೆನ್ನಾಗಿ ಆದ ಮೇಲೂ ತಗ್ಗು ಅರ್ಧದಷ್ಟು ತುಂಬಿದರೆ ಒಳ್ಳೆಯ ಫಲಿತಾಂಶವೆಂದೇ ಲೆಕ್ಕ.

ಹಾಗಾದರೆ ಅಕ್ಕನ ಗೆಳತಿ ಕಪ್ಪಾದದ್ದು ಯಾಕೆ? ಈ ಕಿರಣ ಕಪ್ಪು ಬಣ್ಣವನ್ನು ಹುಡುಕಿ ಹೋಗುವುದಿಲ್ಲ, ಅದು ಕೂದಲು ತೆಗೆಯುವ ಲೇಸರ್‌ನ ಗುಣ. ಇಲ್ಲಿ ಕೆಡಿಸುವುದು ಉಳಿದ ಶಾಖ. ಚರ್ಮದ ಬಣ್ಣವನ್ನು ಫಿಟ್ಜ್‌ಪ್ಯಾಟ್ರಿಕ್ ಮಾಪನದಲ್ಲಿ 1ರಿಂದ 6ರವರೆಗೆ ಎಣಿಸುತ್ತಾರೆ. ನಮ್ಮ ಭಾಗದವರು ಹೆಚ್ಚಾಗಿ 4 ಮತ್ತು 5. ಈ ಚರ್ಮದ ಬಣ್ಣ ಮಾಡುವ ಕೋಶಗಳು ಬೇಗ ರೇಗುವಂಥವು, ಸೊಳ್ಳೆ ಕಚ್ಚಿದರೂ ತಿಂಗಳುಗಟ್ಟಲೆ ಕಪ್ಪು ಚುಕ್ಕೆ ಬಿಡುತ್ತವೆ. ರಂಧ್ರಗಳು ಒತ್ತೊತ್ತಾಗಿ ಬಿದ್ದರೆ, ಒಂದೇ ಜಾಗದ ಮೇಲೆ ಬೇಗಬೇಗ ಎರಡು ಮೂರು ಸುತ್ತು ಹೊಡೆದರೆ, ಶಾಖ ತಣಿಯಲು ಜಾಗವೇ ಸಿಗುವುದಿಲ್ಲ. ಎರಡರಿಂದ ನಾಲ್ಕು ವಾರಕ್ಕೆ ಮುಖ ಬೂದುಗಪ್ಪಾಗುತ್ತದೆ. ಆದ್ದರಿಂದ ನಮ್ಮ ಚರ್ಮಕ್ಕೆ ಆಳ ಬೇಕಾದಷ್ಟು ಕೊಟ್ಟು ದಟ್ಟಣೆ ಕಡಿಮೆ ಇಡುವುದು ಸರಿಯಾದ ಪದ್ಧತಿ. ಒಂದು ಸಲಕ್ಕೆ ಚರ್ಮದ ಐದರಿಂದ ಹತ್ತು ಶೇಕಡಾ ಮಾತ್ರ, ಸಿಟ್ಟಿಂಗ್ ನಡುವೆ ಆರರಿಂದ ಎಂಟು ವಾರ. ಆ ಕಪ್ಪು ಶಾಶ್ವತ ಅಲ್ಲ. ಬಿಸಿಲು ತಪ್ಪಿಸಿ ಮುಲಾಮು ಹಚ್ಚಿದರೆ ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಇಳಿಯುತ್ತದೆ. ಅದರ ಮೇಲೆ ಗಡಿಬಿಡಿಯಲ್ಲಿ ಇನ್ನೊಂದು ಲೇಸರ್ ಹೊಡೆಸುವುದೇ ದೊಡ್ಡ ತಪ್ಪು.

ಕ್ಯಾನ್ಸರ್ ಮಾತು ಬಿಡಿ. ಎಕ್ಸ್‌ರೇಯಂತೆ ಜೀವಕೋಶದ ಒಳಗಿನ ಡಿಎನ್‌ಎ ಕೆಡಿಸುವ ಕಿರಣ ಇದಲ್ಲ, ಇದರ ಕೆಲಸ ಬರೀ ಶಾಖ. ಮುಖ ಬೆಳ್ಳಗಾಗುತ್ತದೆ ಎಂಬುದೂ ಇಲ್ಲ. ಕಾರ್ಬನ್ ಲೇಸರ್ ಎಂದು ಕರಿ ಲೇಪ ಹಚ್ಚಿ ಪಟಪಟ ಸದ್ದು ಮಾಡಿಸುವುದು ಬೇರೆಯೇ ಯಂತ್ರ. ಅದರಿಂದ ಎರಡು ದಿನ ಹೊಳಪು ಬಂದೀತು, ತಗ್ಗು ತುಂಬುವುದಿಲ್ಲ. ಆ ಬಗೆಯ ಲೇಸರ್ ಪದೇ ಪದೇ ಮಾಡಿಸಿ ಅಕ್ಕಿಕಾಳಿನಷ್ಟು ಬಿಳಿ ಚುಕ್ಕೆ ಬಿದ್ದವರಿದ್ದಾರೆ. ಆ ಚುಕ್ಕೆ ಹೋಗಿಸುವುದು ಕಪ್ಪು ಹೋಗಿಸುವುದಕ್ಕಿಂತ ಕಷ್ಟ.

ಐಸೋಟ್ರೆಟಿನಾಯಿನ್ ಬಿಟ್ಟು ಆರು ತಿಂಗಳಾಗುವವರೆಗೆ ಲೇಸರ್ ಮುಟ್ಟಬಾರದು ಎಂಬುದು ಹಳೇ ನಿಯಮ. 2017ರಲ್ಲಿ ತಜ್ಞರ ಗುಂಪು ಇದ್ದಬದ್ದ ಅಧ್ಯಯನಗಳನ್ನು ತಿರುವಿ ನೋಡಿ, ಫ್ರ್ಯಾಕ್ಷನಲ್ ಲೇಸರ್‌ಗೆ ಅಷ್ಟು ಕಾಯಬೇಕು ಎನ್ನಲು ಸಾಕಷ್ಟು ಆಧಾರವಿಲ್ಲ ಎಂದಿತು. ಇಡೀ ಮುಖ ಸುಲಿಯುವ ಲೇಸರ್‌ಗೆ, ಯಂತ್ರದಿಂದ ಉಜ್ಜುವ ಡರ್ಮಾಬ್ರೇಷನ್‌ಗೆ ಮಾತ್ರ ಆರು ತಿಂಗಳ ಎಚ್ಚರ ಉಳಿಯಿತು. ಹಾಗಾಗಿ ನಿಮ್ಮ ದಾರಿಗೆ ಅಡ್ಡ ನಿಂತಿರುವುದು ಆ ಗುಳಿಗೆ ಅಲ್ಲ.

ಮುಖ ತಣ್ಣಗಾದ ಮೇಲೆ, ಹೊಸ ಮೊಡವೆ ಏಳುವುದು ನಿಂತು ಒಂದೆರಡು ತಿಂಗಳಾದ ಮೇಲೆ, ಮುಂದಿನ ದಾರಿಗಳು ಹೀಗೆ. ಅಲೆ ತಗ್ಗಿಗೆ ಮೊದಲು ಸಬ್‌ಸಿಷನ್. ಜಾಗ ಮರಗಟ್ಟಿಸಿ, ಚರ್ಮದ ಅಡಿಗೆ ಸೂಜಿಯನ್ನು ಅಡ್ಡಲಾಗಿ ತೂರಿಸಿ ಜಗ್ಗಿದ ಎಳೆ ಕಡಿಯುವುದು. ಕಡಿಯುವಾಗ ಕರಕರ ಸದ್ದು ಕೇಳುತ್ತದೆ, ಗಾಬರಿ ಬೇಡ. ಒಂದೆರಡು ವಾರ ಗಲ್ಲ ನೀಲಿಗಟ್ಟುತ್ತದೆ, ಒಮ್ಮೊಮ್ಮೆ ಒಳಗೆ ಗಟ್ಟಿ ಗಂಟು ಉಳಿದು ನಿಧಾನಕ್ಕೆ ಕರಗುತ್ತದೆ. ಸೂಜಿಮೊನೆ ತಗ್ಗಿಗೆ ಟಿಸಿಎ ಆಸಿಡ್: ಗಟ್ಟಿ ದ್ರಾವಣವನ್ನು ಹಲ್ಲುಕಡ್ಡಿಯ ತುದಿಯಿಂದ ಆ ಒಂದೊಂದು ತಗ್ಗಿನ ತಳಕ್ಕಷ್ಟೇ ಮುಟ್ಟಿಸುತ್ತಾರೆ, ಕೆಲವು ಸೆಕೆಂಡಿನಲ್ಲಿ ಬೆಳ್ಳಗಾಗುತ್ತದೆ. ಅಗ್ಗ, ಕೆಲಸವೂ ಚೆನ್ನ. ಆದರೆ ಹನಿ ಅಂಚಿಗೆ ಹರಡಿದರೆ ತಗ್ಗು ಅಗಲವಾಗುತ್ತದೆ, ಕಪ್ಪಾಗುವುದೂ ಉಂಟು. ಇದನ್ನು ಮನೆಯಲ್ಲಿ ಆನ್‌ಲೈನ್ ಬಾಟಲಿ ತರಿಸಿ ಮಾಡಿಕೊಂಡವರ ಮುಖ ರಿಪೇರಿ ಮಾಡುವುದು ಬಹಳ ಕಷ್ಟ. ಮೂರನೆಯದು ಮೈಕ್ರೋನೀಡ್ಲಿಂಗ್ ರೇಡಿಯೋಫ್ರೀಕ್ವೆನ್ಸಿ, ಸಣ್ಣ ಸೂಜಿಗಳನ್ನು ಚುಚ್ಚಿ ರೇಡಿಯೋ ತರಂಗದಿಂದ ಒಳಗೆ ಶಾಖ ಕೊಡುವುದು. ಸೂಜಿಯ ಮೈಗೆ ವಿದ್ಯುತ್ ತಡೆಯುವ ಲೇಪವಿದ್ದು ತುದಿಯಲ್ಲಿ ಮಾತ್ರ ಬಿಸಿಯಾಗುವುದರಿಂದ ಮೇಲ್ಪದರ ಉಳಿಯುತ್ತದೆ. ನಿಮ್ಮ ಬಣ್ಣಕ್ಕೆ, ದಿನಾ ಬಿಸಿಲಲ್ಲಿ ಸ್ಕೂಟಿ ಓಡಿಸುವ ಕೆಲಸಕ್ಕೆ, ಲೇಸರ್‌ಗಿಂತ ಮೊದಲು ಯೋಚಿಸಬೇಕಾದದ್ದು ಇದು. ಕೆಂಪು ಒಂದೆರಡು ದಿನದಲ್ಲಿ ಇಳಿಯುತ್ತದೆ. ಕಡಿದ ಅಂಚಿನ ತಗ್ಗಿಗೆ ಫ್ರ್ಯಾಕ್ಷನಲ್ ಸಿಒಟು ಇವತ್ತಿಗೂ ಗಟ್ಟಿ ಆಯುಧ. 2,940 ನ್ಯಾನೋಮೀಟರಿನ ಅರ್ಬಿಯಂ ಲೇಸರ್ ಶಾಖ ಕಡಿಮೆ ಬಿಡುತ್ತದೆ, ಆದರೆ ಎಲ್ಲ ಊರಲ್ಲಿ ಸಿಗುವುದಿಲ್ಲ.

ಲೇಸರ್ ಎಂದೇ ತೀರ್ಮಾನವಾದರೆ, ಇಡೀ ಮುಖಕ್ಕೆ ಹೋಗುವ ಮುಂಚೆ ಕಿವಿಯ ಮುಂದೆ ನಾಣ್ಯದಷ್ಟು ಜಾಗದಲ್ಲಿ ಪರೀಕ್ಷೆ ಮಾಡಿಸಿ ನಾಲ್ಕು ವಾರ ಕಾಯಿರಿ. ಹಿಂದೆ ತುಟಿಯ ಹತ್ತಿರ ಜ್ವರಗುಳ್ಳೆ ಎದ್ದದ್ದಿದ್ದರೆ ಹೇಳಿ. ಆ ಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್ ಲೇಸರ್ ಗಾಯದ ಮೇಲೆ ಎದ್ದರೆ ಮುಖಕ್ಕೆಲ್ಲ ಹರಡಬಹುದು. ಅದಕ್ಕಾಗಿ ಹಿಂದಿನ ದಿನದಿಂದಲೇ ಗುಳಿಗೆ ಶುರು ಮಾಡುತ್ತಾರೆ. ಗಾಯ ಉಬ್ಬಿ ಗಂಟಾಗುವ ಮೈಯಾಗಿದ್ದರೆ ಅದನ್ನೂ ಹೇಳಬೇಕು. ಆ ದಿನ ಮರಗಟ್ಟಿಸುವ ಕ್ರೀಮ್ ಹಚ್ಚಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಕೂರಿಸುತ್ತಾರೆ, ನಂತರ ಪೂರ್ತಿ ಒರೆಸುತ್ತಾರೆ. ಸ್ಪಿರಿಟ್ ಹಚ್ಚಿದ್ದರೆ ಒಣಗಲೇಬೇಕು, ಈ ಕಿರಣಕ್ಕೆ ಸ್ಪಿರಿಟ್ ಹೊತ್ತಿಕೊಳ್ಳುತ್ತದೆ. ಕಣ್ಣಿಗೆ ಕವಚ, ಪಕ್ಕದಲ್ಲಿ ಹೊಗೆ ಎಳೆಯುವ ಕೊಳವೆ, ಮಾಡುವವರ ಮುಖಕ್ಕೆ ಮಾಸ್ಕ್, ಕನ್ನಡಕ. ಕೂದಲು ಸುಟ್ಟ ವಾಸನೆ ಬರುತ್ತದೆ. ಮುಗಿದ ಮೇಲೆ ಎರಡು ಮೂರು ಗಂಟೆ ಖಾರ ಅರೆದು ಹಚ್ಚಿದಂಥ ಉರಿ.

ಎರಡನೇ ದಿನ ಬೆಳಿಗ್ಗೆ ಕಣ್ಣಿನ ಸುತ್ತ ಬಾವು ಬಂದು ಹೆದರಿಸುತ್ತದೆ, ಎರಡು ತಲೆದಿಂಬು ಇಟ್ಟು ಮಲಗಿದರೆ ಕಡಿಮೆ. ಮೂರನೇ ದಿನದಿಂದ ಮುಖ ರವೆಯಂತೆ ಉರುಟಾಗಿ, ಕಂದು ಚುಕ್ಕೆ ಚುಕ್ಕೆಯಾಗಿ, ಐದರಿಂದ ಏಳು ದಿನಕ್ಕೆ ಉದುರುತ್ತದೆ. ಅದನ್ನು ಉಗುರಿನಿಂದ ಕೀಳುವುದು, ನಾರು ಹಚ್ಚಿ ತಿಕ್ಕುವುದು ಎರಡೂ ಕಲೆಗೆ ದಾರಿ. ಅಲ್ಲಿಯವರೆಗೆ ತಣ್ಣೀರಿನಲ್ಲಿ ತೊಳೆದು ಪೆಟ್ರೋಲಿಯಂ ಜೆಲ್ಲಿಯ ತೆಳು ಪದರ, ದಿನಕ್ಕೆ ಮೂರ್ನಾಲ್ಕು ಸಲ. ಅರಿಷಿಣ, ನಿಂಬೆ, ಲೋಳೆಸರ ಯಾವುದೂ ಬೇಡ. ಚರ್ಮ ಮುಚ್ಚಿದ ಮೇಲೆ ಎಸ್‌ಪಿಎಫ್ 30ಕ್ಕೆ ಮೇಲಿನ ಸನ್‌ಸ್ಕ್ರೀನ್, ಎರಡು ಬೆರಳಿನುದ್ದ ಹಿಂಡಿ ಮುಖ-ಕುತ್ತಿಗೆಗೆ, ಹೊರಗಿದ್ದರೆ ಎರಡು ಮೂರು ಗಂಟೆಗೊಮ್ಮೆ. ಸ್ವಲ್ಪ ಬಣ್ಣವಿರುವ, ಐರನ್ ಆಕ್ಸೈಡ್ ಬೆರೆತ ಸನ್‌ಸ್ಕ್ರೀನ್ ನಮ್ಮ ಚರ್ಮಕ್ಕೆ ಮೇಲು, ಅದು ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ. ಯಾರೂ ಹೇಳದ ಇನ್ನೊಂದಿದೆ: ಒಲೆಯ ಶಾಖ. ಕಾದ ಹಂಚಿನ ಮುಂದೆ ಅರ್ಧ ತಾಸು ಜೋಳದ ರೊಟ್ಟಿ ಬೇಯಿಸಿದರೆ ಹಸಿ ಚರ್ಮಕ್ಕೆ ಅದೂ ಬಿಸಿಲೇ. ಎರಡು ವಾರ ಆ ಕೆಲಸ ಬೇರೆಯವರಿಗೆ ಬಿಡಿ. ಮೂರನೇ ದಿನದ ನಂತರ ನೋವು ಕಡಿಮೆಯಾಗುವ ಬದಲು ಏರಿದರೆ, ಹಳದಿ ಕೀವು ಅಥವಾ ಗೊಂಚಲು ಗುಳ್ಳೆ ಕಂಡರೆ ಅದೇ ದಿನ ವೈದ್ಯರ ಹತ್ತಿರ ಹೋಗಬೇಕು. ತಿಂಗಳಾದರೂ ಒಂದೇ ಜಾಗ ಕೆಂಪಾಗಿ ಗಟ್ಟಿಯಾಗಿದ್ದರೆ ಅಲ್ಲಿ ಹೊಸ ಗಾಯದ ಗುರುತು ಕಟ್ಟುತ್ತಿದೆ ಎಂದರ್ಥ, ತಡಮಾಡಬಾರದು.

ಇದನ್ನೆಲ್ಲ ಏಪ್ರಿಲ್-ಮೇ ತಿಂಗಳ ಕಲಬುರಗಿಗೆ ಹೊಂದಿಸಿ ನೋಡಿ. ಹೊರಗೆ 42 ಡಿಗ್ರಿ, ಪೆಂಡಾಲಿನೊಳಗೆ ಬೆವರು, ಅರಿಷಿಣ ಶಾಸ್ತ್ರ, ಮೇಕಪ್, ಫೋಟೋದ ದೀಪ. ಲೇಸರ್ ಮಾಡಿದ ಚರ್ಮ ಇದನ್ನು ತಾಳುವುದಿಲ್ಲ. ಮಳೆ ಹಿಡಿದ ಮೇಲೆ, ಇಲ್ಲವೆ ದೀಪಾವಳಿ ಮುಗಿದ ಮೇಲೆ ಶುರು ಮಾಡಿದರೆ ಒಳ್ಳೆಯದು.

ಕ್ಲಿನಿಕ್‌ಗೆ ಮುಂಗಡ ಕಟ್ಟಬೇಡಿ. ಸಿಟ್ಟಿಂಗ್‌ಗೊಂದು ರಸೀದಿ, ಅಷ್ಟೇ. ಕೈಯಲ್ಲಿ ಯಂತ್ರ ಹಿಡಿಯುವವರು ಚರ್ಮರೋಗದಲ್ಲಿ ಎಂಡಿ ಅಥವಾ ಡಿಪ್ಲೊಮಾ ಮಾಡಿದ ವೈದ್ಯರೋ, ವಾರದ ತರಬೇತಿ ಪಡೆದ ಸಹಾಯಕರೋ ಎಂದು ನೇರವಾಗಿ ಕೇಳಿ. ಖಾಸಗಿ ಆಸ್ಪತ್ರೆಗಳಿಗೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ನೋಂದಣಿ ಕಡ್ಡಾಯ, ಆ ಪತ್ರ ಗೋಡೆಯ ಮೇಲೆ ಇರಬೇಕು. "ದಟ್ಟಣೆ ಎಷ್ಟು ಇಡ್ತೀರಿ, ಕಪ್ಪಾದ್ರ ಯಾರು ನೋಡ್ತಾರ" ಎಂಬ ಎರಡು ಪ್ರಶ್ನೆಗೆ ಅವರ ಮುಖ ಹೇಗಾಗುತ್ತದೆ ನೋಡಿದರೆ ಬಹಳಷ್ಟು ತಿಳಿಯುತ್ತದೆ. ನಿಮ್ಮ ಪತ್ರದ ಪ್ರಕಾರ ಆ ಕ್ಲಿನಿಕ್‌ನಲ್ಲಿ ಯಾರೂ ನೀವು ಮುಖಕ್ಕೆ ಏನು ಹಚ್ಚುತ್ತೀರಿ ಎಂದು ಕೇಳಿದಂತಿಲ್ಲ. ನನ್ನ ಮಟ್ಟಿಗೆ ಅಲ್ಲಿಂದ ಎದ್ದು ಬರಲು ಅದೊಂದೇ ಕಾರಣ ಸಾಕು.

ಲಗ್ನದ ದಿನಕ್ಕೆ ತಗ್ಗು ಮುಚ್ಚಲು ಸಿಲಿಕೋನ್ ಪ್ರೈಮರ್ ಸಾಕು, ಸಣ್ಣ ತಗ್ಗು ಅದರಲ್ಲೇ ತುಂಬಿ ಕಾಣುತ್ತದೆ. ಮೇಕಪ್ ಮಾಡುವವರ ಸಾಮಾನನ್ನು ಎರಡು ವಾರ ಮೊದಲೇ ದವಡೆಯ ಅಂಚಿಗೆ ಹಚ್ಚಿ ನೋಡಿ, ಸ್ಟೆರಾಯ್ಡ್ ಬಿಡುತ್ತಿರುವ ಚರ್ಮ ಯಾವುದಕ್ಕೆ ರೇಗುತ್ತದೆ ಹೇಳಲಾಗದು. ಮದುವೆಯಾದ ಮೇಲೆ ಬೇಗ ಮಗು ಬೇಕೆಂದಿದ್ದರೆ ಅದನ್ನೂ ವೈದ್ಯರಿಗೆ ಮುಂಚಿತವಾಗಿ ತಿಳಿಸಿ. ಐಸೋಟ್ರೆಟಿನಾಯಿನ್ ಬಿಟ್ಟು ಒಂದು ತಿಂಗಳು ಕಳೆದಿರುವುದರಿಂದ ಅದರ ಚಿಂತೆ ಇಲ್ಲ. ಆದರೆ ಟ್ರೆಟಿನಾಯಿನ್, ಹೈಡ್ರೋಕ್ವಿನೋನ್, ಡಾಕ್ಸಿಸೈಕ್ಲಿನ್ ಬಸುರಿನಲ್ಲಿ ನಡೆಯುವುದಿಲ್ಲ. ಲೇಸರ್ ಕೂಡ ಹೆರಿಗೆಯ ನಂತರಕ್ಕೆ.

ಕಲಬುರಗಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಜಿಮ್ಸ್‌ನಲ್ಲಿ ಚರ್ಮರೋಗ ವಿಭಾಗದ ಹೊರರೋಗಿ ಸೇವೆ ಇದೆ, ಬೀದರ್‌ನವರಿಗೆ ಅಲ್ಲಿನ ಸರ್ಕಾರಿ ಆಸ್ಪತ್ರೆ ಬ್ರಿಮ್ಸ್ ಹತ್ತಿರ. ಸ್ಟೆರಾಯ್ಡ್ ಬಿಡಿಸಲು ಲೇಸರ್ ಕ್ಲಿನಿಕ್ ಬೇಕಿಲ್ಲ, ಅಷ್ಟು ಸಾಕು. ಹೋಗುವಾಗ ಟ್ಯೂಬನ್ನು ಅದರ ರಟ್ಟಿನ ಡಬ್ಬಿ ಸಮೇತ ಒಯ್ಯಿರಿ, ಐಸೋಟ್ರೆಟಿನಾಯಿನ್ ಚೀಟಿ ಒಯ್ಯಿರಿ, ಕ್ರೀಮ್ ಶುರು ಮಾಡುವ ಮುಂಚಿನ ಒಂದು ಫೋಟೋ ಮೊಬೈಲಿನಲ್ಲಿರಲಿ. ಆ ದಿನ ಮುಖಕ್ಕೆ ಪೌಡರ್ ಹಚ್ಚಬೇಡಿ.